ಜಂಬುಲಿಂಗಪ್ಪನವರ ತಿರುಗುವ ಸೀರೆ

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಅಂಗಡಿ ಇಟ್ಟವನ ಮಗಳು ಧರ್ಮಾವರದ ಸೀರೆ ಉಟ್ಟು ಹಸೆಗೆ ಕೂರುವುದೆಂದರೆ ಎಂಥ ಅನಾಹುತ ಎಂಬುದು ಹೊರಗಿನವರಿಗೆ ತಟ್ಟನೆ ಹೊಳೆಯಲಾರದು. ಧರ್ಮಾವರದ ಸೀರೆ ಕೆಟ್ಟದ್ದೆಂದು ನಾವ್ಯಾರೂ ಹೇಳುವುದಿಲ್ಲ. ಹೇಳಿದರೆ ನಾಲಿಗೆ ಬಿದ್ದುಹೋದೀತು. ಆದರೂ ಗಡಿಯ ಆಚೆಯ ಆ ಮಗ್ಗಕ್ಕೂ ಈಚೆಯ ಈ ಮಗ್ಗಕ್ಕೂ ಅಜ್ಜನ ಕಾಲದಿಂದ ಒಂದು ಮುಸುಕಿನ ಗುದ್ದಾಟ ಇದ್ದೇ ಇದೆ. ಇಲ್ಲಿಯವನು ಅಲ್ಲಿಗೆ ಹೋಗಿ ಸೀರೆ ತಂದರೆ ಮಾರನೆಯ ದಿನದಿಂದ ಅವನ ಅಂಗಡಿಯ ಮುಂದೆ ಹಾಯುವವರೆಲ್ಲ ಸುಮ್ಮಸುಮ್ಮನೆ ಕೆಮ್ಮತೊಡಗುತ್ತಾರೆ.

ಅಂಥ ಅನಾಹುತದ ಹೊಸಿಲಲ್ಲಿ ಜಂಬುಲಿಂಗಪ್ಪನವರು ಬಂದು ನಿಂತದ್ದು ಚಳ್ಳಕೆರೆಯ ಬೀಗರ ನಡುಮನೆಯಲ್ಲಿ, ಕೈಯಲ್ಲಿ ಒಗ್ಗರಣೆ ಮಂಡಕ್ಕಿಯ ತಟ್ಟೆ ಹಿಡಿದುಕೊಂಡು. ಬೀಗರದು ಎಣ್ಣೆ ಗಿರಣಿಯ ಮನೆತನ. ಮಗಳು ಮಂಗಳಗೌರಿಯ ಮದುವೆ ಗೊತ್ತಾಗಿತ್ತು. ಹುಡುಗ ಒಳ್ಳೆಯವನು. ಹುಡುಗನ ತಂದೆಯೂ ಒಳ್ಳೆಯವರೇ ಇರಬೇಕು. ಆ ಮನೆಯಲ್ಲಿ ಗಂಡಸರು ಮಾತಾಡುವ ಪದ್ಧತಿ ಇಲ್ಲದ್ದರಿಂದ ಗಟ್ಟಿಯಾಗಿ ಹೇಳುವಂತಿರಲಿಲ್ಲ. ಮಾತೆಲ್ಲ ಹುಡುಗನ ಸೋದರತ್ತೆ ಶಾರದಮ್ಮನವರದು.

"ಜವಳಿ ಧರ್ಮಾವರದಾಗೆ ತೆಗೆಯಾನ," ಎಂದರು ಶಾರದಮ್ಮ. "ನಮ್ಮನೇಗೆ ಬಂದ ಸೊಸೇರಿಗೆಲ್ಲಾ ಮುಹೂರ್ತದ ಸೀರೆ ಅಲ್ಲೇ ತೆಗ್ದಿರೋದು."

ಮದುವೆಯ ಜವಳಿಯನ್ನು ಎರಡೂ ಕಡೆಯವರು ಕೂಡಿ ಹೋಗಿ ತೆಗೆಯುವುದು ನಮ್ಮ ಕಡೆ ಒಂದು ಶಾಸ್ತ್ರ. ಮೊದಲ ಸೀರೆ ರಾಹುಕಾಲ ಶುರುವಾಗುವುದರೊಳಗೆ ಗೊತ್ತಾಗಿ, ಎಲೆ ಅಡಿಕೆ ಕೈ ಬದಲಾಗಬೇಕು. ಆ ಮೊದಲ ಸೀರೆ ಧರ್ಮಾವರದ್ದು ಎಂದು ಕೇಳಿದೊಡನೆ ಜಂಬುಲಿಂಗಪ್ಪನವರ ಗಂಟಲಲ್ಲಿ ಮಂಡಕ್ಕಿ ನಿಂತುಹೋಯಿತು. ಹೆಂಡತಿ ಮಂಜುಳಮ್ಮ ನೀರು ಕೊಟ್ಟು ಬೆನ್ನು ತಟ್ಟಿದರು.

"ಅಕ್ಕಾರೇ, ನಮ್ದೇ ಅಂಗಡಿ ಇರುವಾಗ..." ಎಂದು ಜಂಬುಲಿಂಗಪ್ಪನವರು ಶುರುಮಾಡುವಷ್ಟರಲ್ಲಿ ಶಾರದಮ್ಮ ಕೈ ಅಡ್ಡ ಹಿಡಿದರು.

"ಐತಲ್ರಿ, ಯಾರಿಲ್ಲ ಅಂದ್ರು? ಆದ್ರೆ ನಿಮ್ಮೂರಾಗೆ ಸೀರೇನ ಮಡಿಸಿ ಕೈಗೆ ಕೊಡ್ತಾರೆ. ಮಡಿಸಿದ್ದು ಮಡಿಸಿದಂಗೇ ಕಾಣ್ತೈತೆ. ಧರ್ಮಾವರದಾಗೆ ಗೊಂಬೆಗೆ ಉಡಿಸಿ ನಿಲ್ಸಿರ್ತಾರೆ. ಸುತ್ತಾ ಬಂದು ನೋಡ್ಬೋದು."

ಮನುಷ್ಯ ಸುಮ್ಮನಿರಬೇಕಾದ ಗಳಿಗೆ ಇದೇ. ಆದರೆ ಜಂಬುಲಿಂಗಪ್ಪನವರ ಬಾಯಿಗೂ ತಲೆಗೂ ನಡುವೆ ಇರಬೇಕಾದ ಗೇಟು ಹುಟ್ಟಿನಿಂದಲೇ ಸರಿಯಾಗಿ ಕೂತಿರಲಿಲ್ಲ.

"ಗೊಂಬೆ ಯಾಕ್ರಿ ಅಕ್ಕಾರೇ? ನಾನು ಕಂಪ್ಯೂಟರ್‌ನಾಗೆ ನಮ್ ಹುಡುಗಿಗೇ ಉಡಿಸಿ ತೋರಿಸ್ತೀನಿ. ಇನ್ನೂ ನೇಯ್ದೇ ಇಲ್ಲದ ಸೀರೇನ! ನೀವ್ ಸುತ್ತೋದೇ ಬ್ಯಾಡ. ಅದೇ ಗಿರ್ರಂತ ತಿರುಗ್ತೈತೆ."

ಆ ಹೊತ್ತಿಗೆ ಜಂಬುಲಿಂಗಪ್ಪನವರ ಹತ್ತಿರ ಕಂಪ್ಯೂಟರ್ ಇರಲಿಲ್ಲ. ಬ್ಯಾಂಕಿನ ಗಾಜಿನಾಚೆ ಒಂದನ್ನು ನೋಡಿದ್ದರು, ಅಷ್ಟೇ. ಅದೂ ಮುಸುಕು ಹಾಕಿಕೊಂಡು ಕೂತಿತ್ತು.

ಶಾರದಮ್ಮ ಕನ್ನಡಕ ಸರಿಮಾಡಿಕೊಂಡರು. ಅವರ ಮುಖದಲ್ಲಿ ಹೊಸದೊಂದು ಕಳೆ ಬಂತು.

"ತಿರುಗ್ತೈತಾ?"

"ತಿರುಗ್ತೈತೆ."

"ಸೆರಗು ಸಮೇತ?"

"ಸೆರಗು ಸಮೇತ!"

"ಹಂಗಾರೆ ಮುಂದಿನ ತಿಂಗಳ ಮೊದಲ್ನೇ ಗುರುವಾರ ಜವಳಿಗೆ ಹೊರಟಾಗ ಪರಶುರಾಂಪುರದ ಮೇಲೆ ಹೋಗೋದ್ ಬಿಟ್ಟು ನಿಮ್ಮೂರ ಮೇಲೆ ಬರ್ತೀವಿ. ಒಂದ್ ಗಳಿಗೆ ಇಳ್ದು ನೋಡ್ತೀವಿ. ಸೀರೆ ಚಂದ ಕಂಡ್ರೆ ನಿಮ್ದೇ. ಇಲ್ದಿದ್ರೆ ಜೀಪು ನೆಟ್ಟಗೆ ಧರ್ಮಾವರಕ್ಕೆ."

ಮಂಜುಳಮ್ಮ ಬಸ್ಸಿನಲ್ಲಿ ಊರು ಬರುವವರೆಗೂ ಗಂಡನ ಜೊತೆ ಮಾತಾಡಲಿಲ್ಲ. ಇಳಿಯುವಾಗ ಮಾತ್ರ, "ತಿರುಗೋದು ಸೀರೆ ಅಲ್ಲ, ನಿಮ್ ತಲೆ," ಎಂದರು.

ಮಂಜುಳಮ್ಮನವರ ತಮ್ಮ ಮಹಾಂತೇಶ ಚಳ್ಳಕೆರೆಯ ಬಸ್ ನಿಲ್ದಾಣದ ಹಿಂದೆ ಕಂಪ್ಯೂಟರ್ ಕಲಿಸುವ ಕೇಂದ್ರ ನಡೆಸುತ್ತಿದ್ದ. ಇಸವಿ ಎರಡು ಸಾವಿರ ಬಂದರೆ ಲೋಕದ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆ ಎಂಬ ಗುಲ್ಲೆದ್ದು, ಇಸವಿ ಬಂದು, ಏನೂ ಆಗದೆ, ಎಲ್ಲರಿಗೂ ಒಂದಿಷ್ಟು ನಿರಾಸೆಯಾಗಿದ್ದ ವರ್ಷ ಅದು. ಮಂಗಳಗೌರಿ ಕಂಪ್ಯೂಟರ್ ಕಲಿತದ್ದೂ ಈ ಸೋದರಮಾವನ ಹತ್ತಿರವೇ. ಸೀರೆ ವಿನ್ಯಾಸದ ಸಾಫ್ಟ್‌ವೇರ್ ಒಂದು ಬೆಂಗಳೂರಿನಲ್ಲಿ ಸಿಗುತ್ತದೆಂದೂ, ಅದಕ್ಕೆ ಹುಡುಗಿಯ ಫೋಟೊ ಕೊಟ್ಟರೆ ಸೀರೆ ಉಡಿಸಿ ತಿರುಗಿಸುತ್ತದೆಂದೂ ಮಹಾಂತೇಶ ಹೇಳಿದಾಗ ಜಂಬುಲಿಂಗಪ್ಪನವರಿಗೆ ತಮ್ಮ ಮಾತು ನಿಜವಾದದ್ದಕ್ಕೆ ತಮಗೇ ಆಶ್ಚರ್ಯವಾಯಿತು.

"ಆದ್ರೆ ಭಾವ, ಚಿತ್ರ ಮೂಡಿಸೋಕೆ ಒಳಗೆ ಒಂದು ಕಾರ್ಡ್ ಹಾಕ್ಬೇಕು. ಎರಡು ವರ್ಷದ ಹಿಂದಿನ ಮಾಡೆಲ್ ಒಂದೈತೆ, ಅದು ಸಾಕು. ಈ ಸಾಫ್ಟ್‌ವೇರ್‌ಗೆ ಅದರ ಪರಿಚಯ ಐತೆ."

"ಹಳೇದಾ?" ಜಂಬುಲಿಂಗಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು. "ಬೀಗರು ಬಂದು ನೋಡೋದಕ್ಕೆ ಹಳೇದು ಹಾಕ್ಲಾ? ಹೊಸಾದು ಬೇಕು. ಮೊನ್ನೆ ಮೊನ್ನೆ ಹುಟ್ಟಿರ್ಬೇಕು. ಇಡೀ ಜಿಲ್ಲೆನಾಗೆ ಯಾರ ಹತ್ರಾನೂ ಇರ್ಬಾರ್ದು."

"ಯಾರ ಹತ್ರಾನೂ ಇಲ್ಲ ಅನ್ನೋದೇ ಭಾವ ಅದರ ತೊಂದ್ರೆ," ಎಂದ ಮಹಾಂತೇಶ. ಇದು ಕಂಪ್ಯೂಟರ್ ಶಾಸ್ತ್ರದ ಸಾರವೆಲ್ಲ ಅಡಗಿದ್ದ ಮಾತು. ಆದರೆ ಭಾವಮೈದುನನ ಮಾತಿಗೆ ಭಾವಂದಿರು ಕೊಡುವ ಬೆಲೆ ಎಷ್ಟೆಂಬುದು ಎಲ್ಲರಿಗೂ ಗೊತ್ತಿರುವುದೇ.

ಅಂಗಡಿಗೆ ಕಂಪ್ಯೂಟರೂ ಸಾಫ್ಟ್‌ವೇರೂ ಬಂದವು, ಹೊಸ ಕಾರ್ಡೂ ಬಂತು. ಕೆಂಪು ಡಬ್ಬಿ, ಅದರ ಮೇಲೆ ಬಾಯಿಂದ ಬೆಂಕಿ ಉಗುಳುತ್ತಿದ್ದ ಹಕ್ಕಿಯ ಚಿತ್ರ. ಆ ಡಬ್ಬಿಯನ್ನು ಜಂಬುಲಿಂಗಪ್ಪನವರು ಒಂದು ದಿನವಿಡೀ ಅಂಗಡಿಯ ಗಾಜಿನ ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟು, ಬಂದವರಿಗೆಲ್ಲ ತೋರಿಸಿದರು. ಮಾರನೆಯ ದಿನ ಮಹಾಂತೇಶ ಅದನ್ನು ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಕೂರಿಸಿದ. ಕಾಯಿ ಒಡೆದದ್ದಾಯಿತು, ಪೆಟ್ಟಿಗೆಗೆ ವಿಭೂತಿ ಹಚ್ಚಿದ್ದಾಯಿತು. ಮಂಗಳಗೌರಿ ಮೌಸು ಹಿಡಿದು ಕೂತಳು. ಸುತ್ತಲಿನ ಅಂಗಡಿಯವರೆಲ್ಲ ಹೆಗಲಿಗೆ ಹೆಗಲು ಕೊಟ್ಟು ನಿಂತರು.

ಪರದೆಯ ಮೇಲೆ ಮಂಗಳಗೌರಿ ಮೂಡಿದಳು. ಮುಖ ಹಸಿರು. ಕತ್ತು ನೇರಳೆ. ಬಾಳೆಕಾಯಿ ಬಜ್ಜಿಯಷ್ಟು ದಪ್ಪ ದಪ್ಪ ಚೌಕಗಳಲ್ಲಿ ಮೂಗು ಕಿವಿ. ಅವಳ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು.

"ಯಾಕವ್ವಾ, ಮೈಯಾಗೆ ಹುಷಾರಿಲ್ವಾ?" ಎಂದು ಪಕ್ಕದ ಅಂಗಡಿಯ ಕೆಂಚಕ್ಕ ನಿಜವಾದ ಮಂಗಳಗೌರಿಯ ಹಣೆ ಮುಟ್ಟಿ ನೋಡಿದಳು.

"ಏನ್ ಬರ್ದೈತಮ್ಮ ಅಲ್ಲಿ?" ಎಂದರು ಜಂಬುಲಿಂಗಪ್ಪ.

"ಈ ಕಾರ್ಡ್ ಯಾರೋ ನಂಗೊತ್ತಿಲ್ಲ ಅಂತೈತಪ್ಪ."

ಜಂಬುಲಿಂಗಪ್ಪನವರಿಗೆ ಸಿಟ್ಟಿಗಿಂತ ಹೆಚ್ಚಾಗಿ ಕುತೂಹಲವಾಯಿತು. ಇದು ಅವರ ಸ್ವಭಾವದಲ್ಲಿದ್ದ ಒಂದು ಒಳ್ಳೆಯ ಗುಣ, ಮಂಜುಳಮ್ಮನವರ ಪ್ರಕಾರ ಒಂದೇ ಒಂದು. "ಅಲ್ಲಲೇ ಮಹಾಂತೇಶ, ಎರಡನ್ನೂ ನಾನೇ ತಂದಿದೀನಿ. ಒಂದೇ ಪೆಟ್ಟಿಗೆಯಾಗೆ ಅಕ್ಕಪಕ್ಕ ಕುಂತಿದಾವೆ. ಪರಿಚಯ ಮಾಡ್ಕೊಳ್ಳಾಕೆ ಏನ್ ಧಾಡಿ ಇವಕ್ಕೆ?"

ಮಹಾಂತೇಶ ಬಿಡಿಸಿ ಹೇಳಿದ. ಸಾಫ್ಟ್‌ವೇರ್ ಬರೆದದ್ದು ಹೋದ ವರ್ಷ, ಕಾರ್ಡು ಹುಟ್ಟಿದ್ದು ಈಚೆಗೆ. ಕಾರ್ಡಿಗೆ ಸೀರೆ ತಿರುಗಿಸುವ ಶಕ್ತಿಯೇನೋ ಇದೆ. ಆದರೆ ಅದನ್ನು ಹೇಗೆ ಕೇಳಬೇಕು ಎಂಬುದನ್ನು ಕಾರ್ಡು ಮಾಡಿದವರು ಸಾಫ್ಟ್‌ವೇರ್ ಬರೆಯುವವರಿಗೆ ಹೇಳಿಕೊಡಬೇಕು. ಎಲ್ಲವನ್ನೂ ಹೇಳಿದರೆ ಪಕ್ಕದ ಕಂಪನಿಯವರು ಕದ್ದಾರು ಎಂದು ಅವರು ಅರ್ಧ ಹೇಳುತ್ತಾರೆ, ಅರ್ಧ ನುಂಗುತ್ತಾರೆ. ಇವರು ಅದನ್ನು ಕಲಿತು, ಬರೆದು, ತಪ್ಪು ತಿದ್ದುವಷ್ಟರಲ್ಲಿ ಕಾರ್ಡಿನವರು ಇನ್ನೊಂದು ಹೊಸದನ್ನು ಹೆತ್ತಿರುತ್ತಾರೆ. "ಅಲ್ಲೀವರೆಗೂ ಸಾಫ್ಟ್‌ವೇರ್ ಹೊಸಬರ ಸಹವಾಸವೇ ಬ್ಯಾಡ ಅಂತ ಎಲ್ಲಾ ಕೆಲಸಾನೂ ತಾನೇ ಮಾಡ್ಕೊಂತೈತೆ ಭಾವ. ಒಂದೊಂದ್ ಚುಕ್ಕೀನೂ ತಾನೇ ಲೆಕ್ಕ ಹಾಕಿ ಇಡ್ತೈತೆ. ಅದಕ್ಕೇ ನಿಧಾನ."

"ನಮ್ಮತ್ತೇನೂ ಹಿಂಗೇ ಇದ್ರು ಬಿಡು," ಎಂದರು ಮಂಜುಳಮ್ಮ ಒಳಗಿನಿಂದ. "ನಾನ್ ಬಂದು ವರ್ಷ ಆದ್ರೂ ಕೈಗೆ ಸೌಟು ಕೊಡ್ಲಿಲ್ಲ. ಎಲ್ಲಾ ತಾವೇ ಮಾಡಿ, ಹೊತ್ತಾಯ್ತು ಅಂತ ನನ್ನ ಬಯ್ಯೋರು."

ತಾಯಿಯ ವಿಷಯ ಬಂದದ್ದರಿಂದ ಜಂಬುಲಿಂಗಪ್ಪನವರು ಎದ್ದು ಬೋರಣ್ಣನ ಟೆಲಿಫೋನ್ ಬೂತಿಗೆ ನಡೆದರು. ಸಾಫ್ಟ್‌ವೇರ್ ಕಂಪನಿಯನ್ನೇ ಕೇಳಿಬಿಡುವುದು! ಬೋರಣ್ಣನ ಬೂತಿನ ಬಾಗಿಲು ಮುಚ್ಚುತ್ತಿರಲಿಲ್ಲ. ಹೀಗಾಗಿ ಅಲ್ಲಿ ಯಾರು ಮಾತಾಡಿದರೂ ಅದು ಊರಿನ ಸ್ವತ್ತು.

"ನಿಮ್ಮತ್ರ ಯಾವ ಕಾರ್ಡಿದೆ ಸಾರ್?" ಎಂದು ಆ ಕಡೆಯ ಹೆಣ್ಣುಮಗಳು ನಯವಾಗಿ ಕೇಳಿದಳು. ಜಂಬುಲಿಂಗಪ್ಪನವರು ಕೆಂಪು ಡಬ್ಬಿಯನ್ನು ಕಣ್ಣಿಗೆ ಹಿಡಿದು ಹೆಸರು ಓದಿದರು.

"ಅಯ್ಯೋ, ಅದು ಬಂದಿದೆಯಾ ಸಾರ್? ನಾವಿನ್ನೂ ನೋಡೇ ಇಲ್ಲ. ಹೇಗಿದೆ?"

"ಚೆನ್ನಾಗೈತಮ್ಮ. ಹಕ್ಕಿ ಚಿತ್ರ ಐತೆ. ನೀವು ಇದಕ್ಕೆ ಯಾವಾಗ ಬರ್ದು ಕೊಡ್ತೀರಾ?"

"ಜಾಸ್ತಿ ಜನ ಆ ಕಾರ್ಡ್ ತಗೊಂಡ ಮೇಲೆ ಸಾರ್. ಒಬ್ಬಿಬ್ಬರಿಗೋಸ್ಕರ ಬರೆಯೋಕೆ ಆಗಲ್ಲ ನೋಡಿ."

"ಜಾಸ್ತಿ ಜನ ಯಾವಾಗ ತಗೊಂತಾರೆ?"

"ಅದಕ್ಕೆ ಒಳ್ಳೊಳ್ಳೆ ಸಾಫ್ಟ್‌ವೇರ್ ಬಂದ ಮೇಲೆ ಸಾರ್."

ಜಂಬುಲಿಂಗಪ್ಪನವರು ರಿಸೀವರನ್ನು ಕಿವಿಯಿಂದ ತೆಗೆದು, ತಿರುಗಿಸಿ ನೋಡಿ, ಮತ್ತೆ ಕಿವಿಗಿಟ್ಟರು. "ಅಲ್ಲ ತಾಯಿ, ನೀವು ಅವರು ಬರ್ಲಿ ಅಂತೀರಿ, ಅವರು ನೀವು ಬರ್ಲಿ ಅಂತಾರೆ. ನಡುವೆ ನನ್ ಮಗಳು ಹಸಿರಾಗಿ ಕುಂತವ್ಳೆ!"

ಫೋನಿನ ಹುಡುಗಿ ಪಾಪ ಬೇಜಾರು ಮಾಡಿಕೊಂಡಳು. ಮುಂದಿನ ಆವೃತ್ತಿಯಲ್ಲಿ ನೋಡುತ್ತೇವೆ, ವಿಳಾಸ ಕೊಡಿ ಎಂದಳು. ವಿಳಾಸ ಕೊಟ್ಟದ್ದಾಯಿತು.

"ನಮ್ಮ ಕ್ರಾಸ್‌ನಾಗೆ ಕಟ್ಟಿದ ಬಸ್ ಸ್ಟಾಪ್ ಕತೆ ಇದು," ಎಂದು ಬೋರಣ್ಣ ಹೊರಗೆ ನಿಂತಿದ್ದವರಿಗೆ ವಿವರಿಸಿದ. "ಜನ ಇಲ್ಲ ಅಂತ ಬಸ್ಸು ನಿಲ್ಸಲ್ಲ. ಬಸ್ಸು ನಿಲ್ಸಲ್ಲ ಅಂತ ಜನ ನಿಲ್ಲಲ್ಲ. ಕಟ್ಟಿದ್ದು ಕುರಿಗಳಿಗೆ ಆಯ್ತು." ನಿಂತಿದ್ದವರೆಲ್ಲ ಹೌದು ಹೌದೆಂದರು. ಜಂಬುಲಿಂಗಪ್ಪನವರಿಗೆ ಅರ್ಥವಾಯಿತು, ಆದರೆ ಅರ್ಥವಾದದ್ದರಿಂದ ಸೀರೆ ತಿರುಗುವಂತಿರಲಿಲ್ಲ. ಗುರುವಾರ ಹತ್ತಿರ ಬರುತ್ತಿತ್ತು. ಅವರಿಗೆ ಊಟ ರುಚಿಸದಾಯಿತು.

ಆಗ ದಾರಿ ತೋರಿಸಿದವನು ಸಿದ್ದಾಪುರದ ಚಿಕ್ಕೀರಪ್ಪ. ಬ್ರಹ್ಮಗಿರಿಯ ಮಗ್ಗುಲಲ್ಲಿ ಹೊಲ ಇಟ್ಟುಕೊಂಡಿದ್ದ ರೈತ, ಅಂಗಡಿಯ ಹಳೆಯ ಗಿರಾಕಿ. ಸಂತೆಗೆ ಬಂದವನು ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡ.

"ಸಾವ್ಕಾರ್ರೇ, ಹೋದ್ ವರ್ಷ ಕಲ್ಯಾಣದುರ್ಗದ ಕಡೆಯಿಂದ ಒಂದು ಎತ್ತು ತಂದೆ. ಏನ್ ಎತ್ತು ಅಂತೀರಾ! ಆನೆ. ತಂದು ನೇಗಿಲಿಗೆ ಹೂಡಿ 'ನಡಿಯೋ' ಅಂದ್ರೆ ನಿಂತ್ಕಂಡ್ ನೋಡ್ತೈತೆ. 'ನಿಲ್ಲೋ' ಅಂದ್ರೂ ನೋಡ್ತೈತೆ. ಆಮೇಲ್ ಗೊತ್ತಾಯ್ತು, ಅದಕ್ಕೆ ಬರೀ ತೆಲುಗು ಬರ್ತೈತೆ ಅಂತ."

"ಆಮೇಲೆ?" ಜಂಬುಲಿಂಗಪ್ಪನವರು ಮುಂದಕ್ಕೆ ಬಾಗಿದರು.

"ನಾನ್ ಏನೂ ಮಾಡ್ಲಿಲ್ಲ. ನಮ್ ಹಳೇ ಎತ್ತಿನ ಜೊತೆ ಹೂಡ್ದೆ. ಹಳೇದು ನಡೆದ್ರೆ ಇದೂ ನಡೀಬೇಕು, ಅದು ನಿಂತ್ರೆ ಇದೂ ನಿಲ್ಬೇಕು. ಬಿತ್ತನೆ ಮುಗಿಯೋದ್ರಾಗೆ ಕನ್ನಡ ಕಲ್ತುಬಿಡ್ತು."

ಜಂಬುಲಿಂಗಪ್ಪನವರು ಎದ್ದು ಚಿಕ್ಕೀರಪ್ಪನನ್ನು ತಬ್ಬಿಕೊಂಡರು. ಸಂಜೆಯ ಬಸ್ಸಿಗೆ ಚಳ್ಳಕೆರೆಯಲ್ಲಿದ್ದರು.

"ಹಳೇ ಕಾರ್ಡನ್ನ ಹೊಸಾದರ ಪಕ್ಕದಾಗೇ ಹಾಕ್ಲೇ ಮಹಾಂತೇಶ. ನೋಡ್ಕೊಂಡ್ ಕಲೀಲಿ."

"ಭಾವ, ಕಾರ್ಡು ಎತ್ತಲ್ಲ!"

"ಹಾಕಿದ್ರೆ ಸುಡ್ತೈತಾ?"

"ಸುಡಲ್ಲ, ಆದ್ರೆ..."

"ಸುಡಲ್ಲ ಅಂದ್ರೆ ಹಾಕು."

ಮಾರನೆಯ ದಿನ ಮಹಾಂತೇಶ ಅಂಗಡಿಗೆ ಬಂದು ಪೆಟ್ಟಿಗೆ ಬಿಚ್ಚಿ, ತನ್ನ ಕೇಂದ್ರದ ಅತ್ಯಂತ ಹಳೆಯ ಕಂಪ್ಯೂಟರಿನಿಂದ ಕಿತ್ತು ತಂದ ಕಾರ್ಡನ್ನು ಹಾಕಿ, ಪರದೆಯ ತಂತಿಯನ್ನು ಅದಕ್ಕೇ ಸಿಕ್ಕಿಸಿದ. ಸಾಫ್ಟ್‌ವೇರ್‌ಗೆ ಹಳೆಯ ಪರಿಚಯಸ್ಥರು ಸಿಕ್ಕಂತಾಯಿತು. ಮಂಗಳಗೌರಿ ತನ್ನ ಸ್ವಂತ ಬಣ್ಣದಲ್ಲಿ, ಸ್ವಂತ ಮೂಗಿನೊಂದಿಗೆ ಮೂಡಿದಳು. ಹಳೆಯ ಕಾರ್ಡಿಗೆ ಬಣ್ಣ ಗೊತ್ತಿತ್ತೇ ಹೊರತು ಸೀರೆ ತಿರುಗಿಸುವ ಶಕ್ತಿ ಎಲ್ಲಿಂದ ಬರಬೇಕು? ಸೀರೆ ಉಡಿಸುವ ಕೆಲಸ ಆಮೆಯ ವೇಗದಲ್ಲೇ ಉಳಿಯಿತು. ಹೊಸ ಕಾರ್ಡು ಪಕ್ಕದಲ್ಲಿ ಸುಮ್ಮನೆ ಫ್ಯಾನು ಹಾಕಿಕೊಂಡು ಕೂತಿತ್ತು.

"ನೋಡ್ದಾ? ಕಲೀತೈತೆ!" ಎಂದು ಜಂಬುಲಿಂಗಪ್ಪನವರು ಕೂಗಿದರು. ಮಹಾಂತೇಶ ಪೆಟ್ಟಿಗೆಯ ಮುಚ್ಚಳ ಬಿಗಿದ.

ಅಂದಿನಿಂದ ಊರಿನಲ್ಲಿ ಬೇರೆ ಮಾತಿಲ್ಲ. ಹಾಲು ಹಾಕುವವನು "ಕಲೀತಾ ಸಾವ್ಕಾರ್ರೇ?" ಎಂದೇ ಚೆಂಬು ಕೇಳುತ್ತಿದ್ದ. ಕೆಂಚಕ್ಕ ಪೆಟ್ಟಿಗೆಗೆ ದೃಷ್ಟಿ ತೆಗೆದಳು. ಚಿಕ್ಕೀರಪ್ಪ ಬಂದು, ಹೊಸದಕ್ಕೆ ಮೊದಮೊದಲು ಹೆಚ್ಚು ಹೊರೆ ಹೊರಿಸಬೇಡಿ ಎಂದು ಎಚ್ಚರಿಸಿ ಹೋದ. ಕೈಮಗ್ಗ ಇಲಾಖೆಯ ಸಾಹೇಬರೊಬ್ಬರು ಸುದ್ದಿ ಕೇಳಿ ಫೈಲಿನೊಂದಿಗೆ ಬಂದು ಕಂಪ್ಯೂಟರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಇಲ್ಲಿ ತರಬೇತಿ ನಡೀತಿದೆ ಅಂತ ಕೇಳಿದೆ. ತರಬೇತಿ ಪಡೀತಿರೋರು ಯಾರು?"

"ಕಾರ್ಡು ಸಾರ್."

"ಯಾವ ಕಾರ್ಡು? ರೇಷನ್ ಕಾರ್ಡಿನವರಾ?"

"ಇಲ್ಲ ಸಾರ್, ಪೆಟ್ಟಿಗೆಯೊಳಗಿನದು. ಹಳೇದು ಹೇಳ್ಕೊಡ್ತೈತೆ, ಹೊಸಾದು ಕಲೀತೈತೆ."

ಸಾಹೇಬರು ಬಹಳ ಹೊತ್ತು ಯೋಚಿಸಿ, ಹೊಸದಕ್ಕೆ ಶಿಷ್ಯವೇತನ ಕೊಡುವ ಅವಕಾಶ ಸದ್ಯಕ್ಕೆ ಇಲ್ಲವೆಂದು ವಿಷಾದಿಸಿ ಹೊರಟರು. ಯೋಜನೆ ಬಂದರೆ ತಿಳಿಸುವುದಾಗಿ ಹೇಳಿದ್ದನ್ನು ಇಲ್ಲಿ ಮರೆಯಬಾರದು.

ಗುರುವಾರ ಬಂದೇಬಿಟ್ಟಿತು. ಬೆಳಗ್ಗೆ ಒಂಬತ್ತಕ್ಕೆಲ್ಲ ಬೀಗರ ಜೀಪು ಅಂಗಡಿಯ ಮುಂದೆ ನಿಂತಿತು. ಶಾರದಮ್ಮ ಇಳಿದರು, ಅವರ ಹಿಂದೆ ಮಾತಾಡದ ಬೀಗರು, ಅವರ ಹಿಂದೆ ಇನ್ನಷ್ಟು ಹೆಂಗಸರು. ಜೀಪು ಓಡಿಸುವ ದೊಡ್ಡಪಾಲಯ್ಯ ಸ್ಟೀರಿಂಗ್ ಬಿಟ್ಟು ಇಳಿಯಲಿಲ್ಲ.

"ಈಗ್ಲೇ ಹೊರಟ್ರೆ ಒಂದೂವರೆ ರಾಹುಕಾಲಕ್ಕೆ ಮುಂಚೆ ಧರ್ಮಾವರ ಮುಟ್ಟಿಸ್ತೀನಿ ಅಮ್ಮಾರೇ," ಎಂದು ಅವನು ಕೂತಲ್ಲಿಂದಲೇ ಕೂಗಿದ. "ತಡ ಆದ್ರೆ ನನ್ನ ಕೇಳ್ಬ್ಯಾಡ್ರಿ."

"ಬಂದೆ ಕಣೋ. ಒಂದ್ ಗಳಿಗೆ," ಎಂದು ಶಾರದಮ್ಮ ಜಮಖಾನದ ತುದಿಯಲ್ಲಿ ಕೂತರು. ಚಪ್ಪಲಿಯನ್ನು ಕೈಗೆಟುಕುವಂತೆ ಹತ್ತಿರದಲ್ಲೇ ಬಿಟ್ಟಿದ್ದನ್ನು ನೋಡಿ ಜಂಬುಲಿಂಗಪ್ಪನವರು ಮಗಳಿಗೆ ಸನ್ನೆ ಮಾಡಿದರು.

ಮಂಗಳಗೌರಿ ಗುಂಡಿ ಒತ್ತಿದಳು. ಸಾಫ್ಟ್‌ವೇರಿನ ಕ್ರಮ ಹೀಗಿತ್ತು: ಮೊದಲು ಹುಡುಗಿ, ಆಮೇಲೆ ಸೀರೆಯ ಒಡಲು, ಆಮೇಲೆ ಅಂಚು, ಕೊನೆಗೆ ಸೆರಗು. ಎಲ್ಲ ಮುಗಿದ ಮೇಲೆ ತಿರುಗುವುದು. ಹುಡುಗಿ ಬೇಗ ಬಂದಳು. ಒಡಲು ಮಾತ್ರ ಹೆಗಲಿನಿಂದ ಶುರುವಾಗಿ, ಮಗ್ಗದ ಮೇಲೆ ಹಾಸಿನ ನೂಲಿಗೆ ಹೊಕ್ಕಿನ ನೂಲು ಬೀಳುವ ಹಾಗೆ ಒಂದೊಂದೇ ಎಳೆಯಾಗಿ ಇಳಿಯತೊಡಗಿತು.

"ಇನ್ನೇನ್ ಬಂತು ಅಕ್ಕಾರೇ," ಎಂದರು ಜಂಬುಲಿಂಗಪ್ಪ. "ಕಲೀತಾ ಐತೆ. ಹೊಸಾದು ನೋಡಿ, ಸ್ವಲ್ಪ ನಾಚ್ಕೆ."

"ಹುಡುಗೀನೇ ಓಡಿಸ್ತಾಳಾ ಇದನ್ನ?"

"ಹೂಂ ಅತ್ತೆ," ಎಂದಳು ಮಂಗಳಗೌರಿ.

ಶಾರದಮ್ಮ ಮೆಚ್ಚಿದರೋ ಇಲ್ಲವೋ ತಿಳಿಯಲಿಲ್ಲ. ಪರದೆಯನ್ನೇ ನೋಡಿದರು. "ಇದೇನ್ ಬಣ್ಣ ಇದು? ದಾಳಿಂಬೆನಾ?"

"ಬದನೆ ಹೂವಿನ ಬಣ್ಣ," ಎಂದಳು ಜೊತೆಗೆ ಬಂದಿದ್ದ ಒಬ್ಬಾಕೆ.

"ಬದನೆ ಎಲ್ಲೈತೆ? ಕಣ್ಣಿಗೆ ಪೊರೆ ಬಂದೈತಾ ನಿಂಗೆ? ಬರ್ಲಿ ತಡಿ, ಇನ್ನೊಂದೀಟು ಕೆಳಗಿಳೀಲಿ."

ಇನ್ನೊಂದಿಷ್ಟು ಕೆಳಗಿಳಿಯಿತು. ಅಲ್ಲಿ ಬಣ್ಣ ಹೊರಳಿತು. ದಾಳಿಂಬೆ ಎಂದವರು ಬದನೆ ಎಂದರು, ಬದನೆ ಎಂದವರು ದಾಳಿಂಬೆ ಎಂದರು. ಜಗಳ ಬಿಸಿಯಾಯಿತು. ಅಷ್ಟರಲ್ಲಿ ಒಡಲಿನ ಮೇಲೆ ಒಂದು ಸಣ್ಣ ಬುಟ್ಟಾ ಹಕ್ಕಿಯ ಕೊಕ್ಕು ಕಾಣಿಸಿತು.

"ಗಿಳಿ!"

"ಹಂಸ ಕಣ್ರೀ."

"ಮೈ ಬರ್ಲಿ, ಆಮೇಲ್ ಹೇಳ್ತೀನಿ."

ಹೊರಗೆ ಹಾರನ್ ಆಯಿತು. ಯಾರೂ ಏಳಲಿಲ್ಲ. ಎರಡನೆಯ ಸಲ ಆಯಿತು. ಶಾರದಮ್ಮ ಪರದೆಯಿಂದ ಕಣ್ಣು ಕೀಳದೆ ಕೈಯನ್ನಷ್ಟೇ ಬೀಸಿದರು. ಕೊನೆಗೆ ದೊಡ್ಡಪಾಲಯ್ಯ ಇಂಜಿನ್ ಆರಿಸಿ, ಬುಸುಗುಟ್ಟುತ್ತಾ ಒಳಗೆ ಬಂದ. "ಅಮ್ಮಾರೇ, ಹೊತ್ತು..." ಎಂದವನು ಪರದೆಯನ್ನು ನೋಡಿ ಅಲ್ಲೇ ನಿಂತ. "ಏನದು, ಕೋಳಿಪಿಳ್ಳೆನಾ?" ಎಂದ. ಎಲ್ಲರೂ ಅವನ ಮೇಲೆ ಹರಿಹಾಯ್ದರು. ಅವನು ಒಂದು ಸ್ಟೂಲು ಎಳೆದುಕೊಂಡು ಕೂತ.

ಜಂಬುಲಿಂಗಪ್ಪನವರ ಪಾಡು ಹೇಳತೀರದು. ಅವರ ಕಣ್ಣಿಗೆ ಕಾಣುತ್ತಿದ್ದದ್ದು ಸೀರೆಯಲ್ಲ, ಹೋಗುತ್ತಿದ್ದ ಮಾನ. ಗಿರ್ರಂತ ತಿರುಗುತ್ತದೆ ಎಂದು ಬೀಗರ ನಡುಮನೆಯಲ್ಲಿ ಎದೆ ತಟ್ಟಿದ್ದ ಮನುಷ್ಯ ಅವರು. ಪೆಟ್ಟಿಗೆಯ ಹಿಂದೆ ಹೋಗಿ ಅದರ ಬೆನ್ನು ಸವರಿದರು. "ಬೇಗ ಬೇಗ ಕಲಿಯೋ ನನ್ನಪ್ಪ," ಎಂದು ಪಿಸುಗುಟ್ಟಿದರು. ಮೂಲೆಯಲ್ಲಿದ್ದ ಮಹಾಂತೇಶನನ್ನು ಎಳೆದು, "ಏನಾರಾ ಮಾಡೋ, ಹೊಡೆಯೋ ಇದನ್ನ!" ಎಂದರು.

"ಹೊಡೆದ್ರೆ ಮೊದಲಿನಿಂದ ಶುರುವಾಗ್ತೈತೆ ಭಾವ."

ಕಾಫಿ ಬಂತು. ಮಂಡಕ್ಕಿ ಮೆಣಸಿನಕಾಯಿ ಬಂತು. ಕೊಕ್ಕು ಗಿಳಿಯದೇ ಆಗಿ ಶಾರದಮ್ಮ ಗೆದ್ದರು. ಗೆದ್ದ ಹುರುಪಿನಲ್ಲಿ ಜಮಖಾನದ ತುದಿಯಿಂದ ನಡುವಿಗೆ ಸರಿದು, ಗೋಡೆಗೆ ಒರಗಿ, ಕಾಲು ಚಾಚಿದರು. ಬೀದಿಯವರು ಬಾಗಿಲು ತುಂಬಿ ನಿಂತರು. ಒಳಗೆ ಕಂಡದ್ದನ್ನು ಹೊರಗಿನವರಿಗೆ ಕೂಗಿ ಹೇಳಲು ಬೋರಣ್ಣ ಬೂತು ಮುಚ್ಚಿ ಬಂದ. ಒಡಲು ಪಾದ ಮುಟ್ಟುವ ಹೊತ್ತಿಗೆ ಹನ್ನೊಂದು ದಾಟಿತ್ತು.

"ತಿರುಗೋದ್ ಯಾವಾಗ?" ಎಂದು ಶಾರದಮ್ಮ ಕೇಳಿಯೇಬಿಟ್ಟರು.

ಜಂಬುಲಿಂಗಪ್ಪನವರು ಕಾಫಿ ಲೋಟ ಎತ್ತಿಕೊಳ್ಳಲು ಬಗ್ಗಿದರು.

"ಪೂರ್ತಿ ಉಟ್ಟ ಮೇಲೆ ಅತ್ತೆ," ಎಂದಳು ಮಂಗಳಗೌರಿ.

"ಅದೂ ಸರೀನೇ. ಅರ್ಧ ಉಟ್ಟು ಯಾರ್ ತಿರುಗ್ತಾರೆ."

ಅಂಚು ಶುರುವಾಯಿತು. ಗೋಪುರದ ಅಂಚು, ಕೆಂಪಿನ ಮೇಲೆ ಜರಿ. ಒಂದು ಗೋಪುರ ಮುಗಿದಾಗಲೆಲ್ಲ ಬೋರಣ್ಣ ಹೊರಗೆ ಸುದ್ದಿ ಮುಟ್ಟಿಸುತ್ತಿದ್ದ. ಹೆಂಗಸರ ಮಾತು ನಿಂತಿತು. ಶಾರದಮ್ಮನವರ ಬಾಯಿಯೂ ನಿಂತು, ಅಂಗಡಿಯಲ್ಲಿ ಕಂಪ್ಯೂಟರಿನ ಫ್ಯಾನಿನ ಸದ್ದು ಮಾತ್ರ ಕೇಳಿಸಿತು. ಇಷ್ಟು ಹೊತ್ತು ಯಾವ ಸೀರೆಯನ್ನೂ ಅವರು ಹೀಗೆ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಆ ಅಂಗಡಿಯಲ್ಲಿ ಹುಟ್ಟಿ ಬೆಳೆದ ಜಂಬುಲಿಂಗಪ್ಪನವರೂ ನೋಡಿರಲಿಲ್ಲ.

"ಇಷ್ಟ್ ಕೆಲಸ ಐತಾ ಒಂದು ಸೀರೆಯಾಗೆ?" ಎಂದು ಯಾರೋ ಮೆಲ್ಲಗೆ ಅಂದರು. ಜಂಬುಲಿಂಗಪ್ಪನವರು ತಿರುಗಿ ನೋಡಿದರೆ, ಮಾತಾಡದ ಬೀಗರು!

"ಅಮ್ಮಾರೇ, ಈಗ ಹೊರಟ್ರೂ ರಾಹುಕಾಲಕ್ಕೆ ಮುಂಚೆ ಧರ್ಮಾವರ ಸಿಗಲ್ಲ," ಎಂದ ದೊಡ್ಡಪಾಲಯ್ಯ, ತಾನೂ ಪರದೆಯನ್ನೇ ನೋಡುತ್ತ.

"ಸುಮ್ನಿರೋ. ಸೆರಗು ಬರ್ಲಿ. ಸೆರಗು ನೋಡ್ದೆ ಎದ್ದು ಹೋಗೋದು ಹೆಂಗೆ?"

ಮಧ್ಯಾಹ್ನದ ಒಂದು ಗಂಟೆ ದಾಟಿತು. ಕಟ್ಟಕಡೆಯ ಗೋಪುರ ಮುಗಿಯಿತು. ಹೆಗಲಿನ ಮೇಲೆ, ಸೆರಗು ಶುರುವಾಗಬೇಕಾದ ಕಡೆ, ಜರಿಯ ಒಂದೇ ಒಂದು ಗೆರೆ ಮೂಡಿತು. ಶಾರದಮ್ಮ ಮುಂದಕ್ಕೆ ಬಾಗಿ ಕನ್ನಡಕವನ್ನು ಸೀರೆಯಲ್ಲಿ ಒರೆಸಿ ಹಾಕಿಕೊಂಡರು.

ಕರೆಂಟು ಹೋಯಿತು.

ಅಂಗಡಿಯ ತುಂಬ ಎದ್ದ ಹಾಹಾಕಾರ ಕೇಳಿ ಎದುರು ಮನೆಯವರು ಯಾರಿಗೋ ಏನೋ ಆಯಿತೆಂದು ಓಡಿ ಬಂದರು. ಕೆಂಚಕ್ಕ ಹಣೆ ಹಣೆ ಬಡಿದುಕೊಂಡಳು. ಜಂಬುಲಿಂಗಪ್ಪನವರು ಕಪ್ಪು ಪರದೆಯ ಮುಂದೆ ಹಾಗೇ ಕುಸಿದು ಕೂತರು. ಮುಗಿಯಿತು. ಮಗಳ ಮದುವೆ, ಅಜ್ಜನ ಅಂಗಡಿ, ಊರಿನ ಮಾನ, ಎಲ್ಲವೂ ಆ ಕಪ್ಪಿನೊಳಗೆ ಹೋಗಿಬಿಟ್ಟಿತು. ಅವರ ಕಣ್ಣಲ್ಲಿ ನಿಜಕ್ಕೂ ನೀರು ಬಂತು.

"ಸೆರಗಿನಾಗೆ ಏನಿತ್ತು?" ಶಾರದಮ್ಮನವರ ದನಿ ನಡುಗುತ್ತಿತ್ತು. "ಹೇಳ್ರೀ ಬೀಗರೇ, ಸೆರಗಿನಾಗೆ ಏನಿತ್ತು?"

ಜಂಬುಲಿಂಗಪ್ಪನವರಿಗೆ ಗೊತ್ತಿರಲಿಲ್ಲ. ಮಗಳ ಕಡೆ ನೋಡಿದರು.

"ಬಾಯಲ್ಲಿ ಹೇಳೋದಲ್ಲ ಅತ್ತೆ ಅದು," ಎಂದಳು ಮಂಗಳಗೌರಿ, ನೆಲ ನೋಡುತ್ತ. "ನೇಯ್ದ ಮೇಲೇ ನೋಡ್ಬೇಕು."

ಶಾರದಮ್ಮ ಗೋಡೆಯ ಗಡಿಯಾರ ನೋಡಿದರು. ರಾಹುಕಾಲ ಬಾಗಿಲಲ್ಲಿ ನಿಂತಿತ್ತು. ಕತ್ತಲ ಪರದೆಯನ್ನು ನೋಡಿದರು. ಮತ್ತೆ ಗಡಿಯಾರ ನೋಡಿದರು.

"ತರ್ರೀ ಎಲೆ ಅಡಿಕೆ!" ಎಂದರು. "ಇದೇ ಸೀರೆ. ನೇಯ್ಸಿ. ಆ ಸೆರಗು ಏನು ಅಂತ ನೋಡ್ದೆ ಇದ್ರೆ ನನ್ ಜೀವಕ್ಕೆ ನೆಮ್ಮದಿ ಇಲ್ಲ."

ಜೀಪು ಚಳ್ಳಕೆರೆಯ ದಾರಿ ಹಿಡಿದು ಧೂಳು ಅಡಗಿದ ಮೇಲೆ ಜಂಬುಲಿಂಗಪ್ಪನವರು ಮಗಳನ್ನು ಒಳಗೆ ಕರೆದರು. "ಅಂಥಾದ್ದು ಏನಮ್ಮಾ ಹಾಕಿದ್ದೆ ಸೆರಗಿನಾಗೆ?"

"ಏನೂ ಇರ್ಲಿಲ್ಲಪ್ಪ. ಖಾಲಿ ಬಿಟ್ಟಿದ್ದೆ. ಬೀಗರು ಬಂದು ಹೇಳ್ಲಿ ಅಂತ ನೀವೇ ಅಂದಿದ್ರಲ್ಲ?"

ಹೌದು, ಅವರೇ ಅಂದಿದ್ದರು. ಅಂದು ಮರೆತಿದ್ದರು. ಮಂಜುಳಮ್ಮ ಆ ದಿನ ಮೊದಲ ಬಾರಿಗೆ ನಕ್ಕರು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಕೂತರು. ಆಮೇಲೆ ತಾಯಿ ಮಗಳು ಸೇರಿ ಸೆರಗಿಗೆ ನವಿಲು ಗೊತ್ತುಮಾಡಿದರು. ಸೀರೆ ಕೈಗೆ ಬರುವವರೆಗೂ ಶಾರದಮ್ಮ ಬೋರಣ್ಣನ ಬೂತಿಗೆ ಫೋನು ಮಾಡಿ ಮಾಡಿ ಸೆರಗಿನ ಗುಟ್ಟು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಹಸೆಮಣೆಯ ಹತ್ತಿರ ಮೊದಲು ಓಡಿ ಬಂದು ಸೆರಗು ಬಿಡಿಸಿ ನೋಡಿದವರು ಅವರೇ. "ನವಿಲು! ನಾನ್ ಅವತ್ತೇ ಅಂದ್ಕೊಂಡಿದ್ದೆ," ಎಂದು ಛತ್ರಕ್ಕೆಲ್ಲ ಕೇಳುವಂತೆ ಸಾರಿದರು.

ಮದುವೆಯಾಗಿ ವರ್ಷ ಕಳೆದ ಮೇಲೆ ಬೆಂಗಳೂರಿನಿಂದ ಒಂದು ಸಿ.ಡಿ. ಬಂತು. ಫೋನಿನ ಹುಡುಗಿ ಮಾತು ಉಳಿಸಿಕೊಂಡಿದ್ದಳು: ಹೊಸ ಆವೃತ್ತಿ, ಬೆಂಕಿ ಹಕ್ಕಿಯ ಕಾರ್ಡಿನ ಗುಟ್ಟೆಲ್ಲ ಕಲಿತು ಬಂದದ್ದು. ಆ ವೇಳೆಗೆ ಚಳ್ಳಕೆರೆಯಲ್ಲಿ ಮಹಾಂತೇಶನ ಗಿರಾಕಿಗಳು ಅದೇ ಕಾರ್ಡನ್ನು ಹಳೆಯದೆಂದು ಬೇಡ ಅನ್ನುತ್ತಿದ್ದರು. ಅವನು ಬಂದು ಸಿ.ಡಿ. ಹಾಕಿ, ತಂತಿಯನ್ನು ಹೊಸ ಕಾರ್ಡಿಗೆ ಬದಲಿಸಿದ. ಜಂಬುಲಿಂಗಪ್ಪನವರ ಪ್ರಕಾರ ಇದು ಅದರ ಪರೀಕ್ಷೆಯ ದಿನ. ಸೊಸೆಯನ್ನು ತೌರಿಗೆಂದು ಕರೆತಂದಿದ್ದ ಶಾರದಮ್ಮನವರನ್ನು ಕೂರಿಸಿ, ಅದೇ ಸೀರೆ ತೆಗೆದು, ಮಂಗಳಗೌರಿಯ ಕೈಯಲ್ಲೇ ಗುಂಡಿ ಒತ್ತಿಸಿದರು.

ಹುಡುಗಿ, ಒಡಲು, ಅಂಚು, ನವಿಲಿನ ಸೆರಗು ಎಲ್ಲ ಒಟ್ಟಿಗೇ ಬಂದು ಗಿರ್ರಂತ ತಿರುಗಿದವು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದೂ ಹೋಯಿತು.

"ನೋಡಿದ್ರಾ ಅಕ್ಕಾರೇ!" ಜಂಬುಲಿಂಗಪ್ಪನವರ ಎದೆ ಉಬ್ಬಿತ್ತು. "ನಾನ್ ಅವತ್ತೇ ಹೇಳ್ಲಿಲ್ವಾ? ಅವತ್ತೇ ಹಿಂಗೆ ತಿರುಗಿದ್ರೆ ಹೆಂಗಿರ್ತಿತ್ತು!"

ಶಾರದಮ್ಮ ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ಹೆಂಗಿರ್ತಿತ್ತು? ಚೆನ್ನಾಗೈತೆ ಅಂತಿದ್ದೆ, ಎದ್ದು ಜೀಪು ಹತ್ತುತಿದ್ದೆ," ಎಂದರು. "ಒಂಬತ್ತೂ ಕಾಲಕ್ಕೆಲ್ಲಾ ಧರ್ಮಾವರದ ದಾರಿ ಹಿಡಿದಿರ್ತಿದ್ವಿ."